ಲಾಂಛನದ ಹಿಂದಿನ ಲೋಹ

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2022ರಲ್ಲಿ ಅವಳಿ ಕಾರುಗಳು ಹೊರಬರತೊಡಗಿದವು. ಒಂದರ ಹೆಸರು ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್, ಇನ್ನೊಂದರದ್ದು ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ. ಮೂತಿ ಬೇರೆ, ಹಿಂಬದಿಯ ದೀಪ ಬೇರೆ, ಸ್ಟೀರಿಂಗ್ ನಡುವಿನ ಲಾಂಛನ ಬೇರೆ. ಕೆಳಗಿನ ಚೌಕಟ್ಟು ಮಾತ್ರ ಒಂದೇ, ಅದು ಸುಜುಕಿಯದು. ಮೈಲ್ಡ್ ಹೈಬ್ರಿಡ್ ಮಾದರಿಯ ಎಂಜಿನ್ ಸುಜುಕಿಯದು, ಸ್ಟ್ರಾಂಗ್ ಹೈಬ್ರಿಡ್ ಮಾದರಿಯ ಮೂರು ಸಿಲಿಂಡರ್ ಎಂಜಿನ್ ಮತ್ತು ಮೋಟರು ಟೊಯೋಟಾದ್ದು. ಯಾವ ಲಾಂಛನದ ಗಾಡಿ ಕೊಂಡರೂ ಈ ಎರಡೂ ಆಯ್ಕೆ ಸಿಗುತ್ತವೆ.

ದೋಷವೂ ಒಟ್ಟಿಗೇ ಬಂತು. 2022ರ ಡಿಸೆಂಬರಿನಲ್ಲಿ ಮುಂದಿನ ಸೀಟ್ ಬೆಲ್ಟಿನ ಎತ್ತರ ಹೊಂದಿಸುವ ಬಿಡಿಭಾಗದಲ್ಲಿ ತೊಂದರೆಯಿದೆಯೆಂದು ಮಾರುತಿ ತನ್ನ ಹಲವು ಮಾದರಿಗಳ 9,125 ಕಾರುಗಳನ್ನು ವಾಪಸು ಕರೆಯಿತು, ಅವುಗಳಲ್ಲಿ ಗ್ರ್ಯಾಂಡ್ ವಿಟಾರಾ ಕೂಡ ಇತ್ತು. ಅದೇ ಕಾರಣಕ್ಕೆ ಟೊಯೋಟಾ 994 ಹೈರೈಡರ್‌ಗಳನ್ನು ಕರೆಸಿಕೊಂಡಿತು. ಮರುತಿಂಗಳು ಹಿಂದಿನ ಸೀಟ್ ಬೆಲ್ಟಿನ ಬ್ರಾಕೆಟ್ಟಿನ ಸರದಿ: 11,177 ಗ್ರ್ಯಾಂಡ್ ವಿಟಾರಾ, 4,026 ಹೈರೈಡರ್.

ಇಷ್ಟಾದರೂ ಶೋರೂಮುಗಳಲ್ಲಿ ನಡೆಯುವ ಮಾತುಕತೆ ಒಂದೇ ಥರ ಇರುವುದಿಲ್ಲ. ‘ಟೊಯೋಟಾ ಅಂದ್ರೆ ಕಣ್ಣು ಮುಚ್ಚಿ ತಗೋಬಹುದು’ ಎಂಬುದು ಒಂದು ಕಡೆಯ ಮಾತು, ‘ಮಾರುತಿ ಆದ್ರೆ ಯಾವ ಊರಲ್ಲಿ ನಿಂತರೂ ಸ್ಪೇರ್ ಸಿಗುತ್ತೆ’ ಎಂಬುದು ಇನ್ನೊಂದು ಕಡೆಯದು. 2024ರ ಜುಲೈವರೆಗೆ ಕಂಪನಿಗಳ ಭರವಸೆಯಲ್ಲೂ ಅಂತರವಿತ್ತು. ಟೊಯೋಟಾ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತಿತ್ತು, ಮಾರುತಿ ಕೊಡುತ್ತಿದ್ದದ್ದು 2 ವರ್ಷ ಅಥವಾ 40,000 ಕಿಲೋಮೀಟರ್. ಒಂದೇ ಸೂರಿನಡಿ ಹುಟ್ಟಿದ ಎರಡು ಯಂತ್ರಗಳ ಆಯಸ್ಸು ಮುಂಭಾಗದ ಲಾಂಛನದಿಂದ ಬದಲಾಗಲಾರದು. ಹಾಗಿದ್ದರೆ ಕಾರುಗಳಿಗೆ ಬಂದಿರುವ ‘ನಂಬಿಕಸ್ಥ ಗಾಡಿ’, ‘ಕೈಕೊಡುವ ಗಾಡಿ’ ಎಂಬ ಹೆಸರುಗಳಲ್ಲಿ ಎಷ್ಟು ಪಾಲು ಯಂತ್ರದ್ದು, ಎಷ್ಟು ಪಾಲು ಜನರ ನಂಬಿಕೆಯದು?

ಈ ಪ್ರಶ್ನೆಗೆ ಉತ್ತರ ಸಿಗುವಂಥ ಒಂದು ಪ್ರಯೋಗ, ಪ್ರಯೋಗವೆಂಬ ಉದ್ದೇಶವಿಲ್ಲದೆಯೇ, ಅಮೆರಿಕದಲ್ಲಿ ವರ್ಷಾನುಗಟ್ಟಲೆ ನಡೆಯಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರ್ಖಾನೆಯೊಂದಿತ್ತು. ಅಲ್ಲಿ ಸರಾಸರಿ ಐವರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. ಆಡಳಿತಕ್ಕೂ ಕಾರ್ಮಿಕರಿಗೂ ಎಣ್ಣೆ ಸೀಗೆಕಾಯಿ. 1982ರಲ್ಲಿ ಅದಕ್ಕೆ ಬೀಗ ಬಿತ್ತು. ಎರಡು ವರ್ಷದ ನಂತರ ಜನರಲ್ ಮೋಟರ್ಸ್ ಮತ್ತು ಟೊಯೋಟಾ ಸೇರಿ ಅದೇ ಜಾಗದಲ್ಲಿ ‘ನುಮ್ಮಿ’ ಎಂಬ ಜಂಟಿ ಕಂಪನಿ ತೆರೆದವು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಜನ ಹಳೆಯ ಕಾರ್ಮಿಕರೇ, ಕೆಲಸದ ಕ್ರಮವನ್ನು ಮಾತ್ರ ಟೊಯೋಟಾ ಹೇಳಿಕೊಟ್ಟಿತು. ತಪ್ಪು ಕಂಡರೆ ಯಾವ ಕಾರ್ಮಿಕನಾದರೂ ತಲೆಯ ಮೇಲಿನ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ಹಿಂದಿನ ಆಡಳಿತದಲ್ಲಿ ಸಾಲು ನಿಲ್ಲಿಸುವುದೆಂದರೆ ದೊಡ್ಡ ಅಪರಾಧ. ಬೋಲ್ಟು ಕೂರದಿದ್ದರೂ ಕಾರು ಮುಂದೆ ಹೋಗಲೇಬೇಕಿತ್ತು. ಹೊಸ ಕ್ರಮ ಬಂದು ಎರಡು ಮೂರು ವರ್ಷಗಳಲ್ಲಿ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಸಮಕ್ಕೆ ಬಂತು.

ನುಮ್ಮಿಯಲ್ಲಿ ಟೊಯೋಟಾ ಕೊರೋಲಾ ತಯಾರಾಗುತ್ತಿತ್ತು. ಅದರ ಜೊತೆಗೇ, ಅದೇ ಕೈಗಳಿಂದ, ಜನರಲ್ ಮೋಟರ್ಸ್ ಮಾರುತ್ತಿದ್ದ ಜಿಯೋ ಪ್ರಿಜ್ಮ್ ಕೂಡ ತಯಾರಾಗುತ್ತಿತ್ತು. ಮುಂದೆ ಅದು ಷೆವ್ರೊಲೆ ಪ್ರಿಜ್ಮ್ ಆಯಿತು. ಒಳಗಿನ ಯಂತ್ರ ಕೊರೋಲಾದ್ದೇ. ಆದರೆ ಕೊರೋಲಾ ಹೆಚ್ಚು ಬೆಲೆಗೆ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಪ್ರಿಜ್ಮ್‌ನ ಬೆಲೆ ಬೇಗ ಇಳಿಯಿತು. ವಿಷಯ ಗೊತ್ತಿದ್ದ ಕೆಲವರು ಹುಡುಕಿಕೊಂಡು ಹೋಗಿ ಹಳೆಯ ಪ್ರಿಜ್ಮ್ ಕೊಳ್ಳುತ್ತಿದ್ದರು. ಕಡಿಮೆ ಬೆಲೆಗೆ ಕೊರೋಲಾ ಸಿಕ್ಕಂತೆ! 2002ರಲ್ಲಿ ಪ್ರಿಜ್ಮ್ ನಿಂತುಹೋಯಿತು.

ಇಷ್ಟನ್ನು ಓದಿದವರಿಗೆ ‘ಹೆಸರೆಲ್ಲ ಬರೀ ಪ್ರಚಾರ’ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ತೀರ್ಮಾನಕ್ಕೆ ಬರುವ ಮುಂಚೆ ಇನ್ನೊಂದು ಕಥೆಯನ್ನು ಕೇಳಬೇಕು. ಗುಣಮಟ್ಟದ ಎಂಜಿನಿಯರುಗಳು ಇವತ್ತಿಗೂ ತರಗತಿಗಳಲ್ಲಿ ಹೇಳುವ ಕಥೆ ಅದು. ಜಪಾನಿನ ಕಾರುಗಳಿಗೆ ಬಂದ ಹೆಸರು ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

1980ರ ದಶಕದ ಆರಂಭದಲ್ಲಿ ಫೋರ್ಡ್ ಕಂಪನಿ ತನ್ನ ಒಂದು ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಎರಡು ಕಡೆ ಮಾಡಿಸುತ್ತಿತ್ತು. ಒಂದು ಅಮೆರಿಕದ ಒಹಾಯೋ ರಾಜ್ಯದ ಬಟೇವಿಯಾದಲ್ಲಿನ ತನ್ನದೇ ಕಾರ್ಖಾನೆ, ಇನ್ನೊಂದು ಜಪಾನಿನ ಮಾಜ್ದಾ. ಮಾಜ್ದಾದಲ್ಲಿ ಫೋರ್ಡಿಗೆ ಸುಮಾರು ಕಾಲು ಪಾಲು ಒಡೆತನವಿತ್ತು. ನಕ್ಷೆ ಒಂದೇ, ಅಳತೆ ಒಂದೇ, ಹಾಕಿದ್ದೂ ಫೋರ್ಡ್ ಕಾರುಗಳಿಗೇ. ಸ್ವಲ್ಪ ಕಾಲದಲ್ಲಿ ಒಂದು ವಿಚಿತ್ರ ಕಂಡಿತು. ವಾರಂಟಿ ದೂರುಗಳು ಹೆಚ್ಚಾಗಿ ಬರುತ್ತಿದ್ದದ್ದು ಬಟೇವಿಯಾದ ಗೇರ್‌ಬಾಕ್ಸಿನ ಮೇಲೆ. ಮಾಜ್ದಾದ್ದು ಸದ್ದಿಲ್ಲದೆ ಓಡುತ್ತಿತ್ತು, ಗೇರ್ ಬದಲಾವಣೆಯೂ ನಯವಾಗಿತ್ತು.

ಫೋರ್ಡ್ ಎಂಜಿನಿಯರುಗಳು ಎರಡೂ ಕಡೆಯ ಕೆಲವು ಗೇರ್‌ಬಾಕ್ಸ್‌ಗಳನ್ನು ಬಿಚ್ಚಿ ಒಂದೊಂದೇ ಭಾಗವನ್ನು ಅಳೆಯತೊಡಗಿದರು. ನಕ್ಷೆಯಲ್ಲಿ ಪ್ರತಿ ಭಾಗಕ್ಕೂ ಒಂದು ಸರಿಯಾದ ಅಳತೆ ಮತ್ತು ಅದರ ಆಚೀಚೆ ಇಷ್ಟು ವ್ಯತ್ಯಾಸ ನಡೆಯುತ್ತದೆ ಎಂಬ ಮಿತಿ ಇರುತ್ತದೆ. ಬಟೇವಿಯಾದ ಭಾಗಗಳಲ್ಲಿ ಒಂದೂ ಮಿತಿ ಮೀರಿರಲಿಲ್ಲ. ಪುಸ್ತಕದ ಪ್ರಕಾರ ಎಲ್ಲವೂ ಪಾಸ್. ಆದರೆ ಅಳತೆಗಳು ಮಿತಿಯ ಸುಮಾರು 70 ಶೇಕಡಾ ಅಗಲಕ್ಕೆ ಹರಡಿಕೊಂಡಿದ್ದವು. ಮಾಜ್ದಾದ ಭಾಗಗಳು ಸುಮಾರು 27 ಶೇಕಡಾ ಅಗಲದೊಳಗೇ ಒತ್ತೊತ್ತಾಗಿ ಕೂತಿದ್ದವು. ಒಂದು ಭಾಗ ಅಳೆದರೂ ಅದೇ ಅಂಕಿ, ಮುಂದಿನದು ಅಳೆದರೂ ಅದೇ ಅಂಕಿ. ಮುಳ್ಳು ಅಲ್ಲಾಡದ್ದನ್ನು ಕಂಡು ಅಳೆಯುವ ಉಪಕರಣವೇ ಕೆಟ್ಟಿರಬೇಕೆಂದು ರಿಪೇರಿಯವರನ್ನು ಕರೆಸಿದರಂತೆ. ಉಪಕರಣ ಸರಿಯಾಗಿಯೇ ಇತ್ತು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಗೇರ್ ಬದಲಿಸುವುದು ಎಣ್ಣೆಯ ಒತ್ತಡ. ಸಣ್ಣ ಸಣ್ಣ ವಾಲ್ವುಗಳು ತಮ್ಮ ರಂಧ್ರಗಳಲ್ಲಿ ಹಿಂದೆ ಮುಂದೆ ಜಾರುತ್ತಾ ಆ ಎಣ್ಣೆಯ ದಾರಿಯನ್ನು ತೆರೆದು ಮುಚ್ಚುತ್ತವೆ. ವಾಲ್ವು ತುಸು ಸಣ್ಣದಾಗಿ, ರಂಧ್ರ ತುಸು ದೊಡ್ಡದಾದರೆ ಎರಡೂ ಮಿತಿಯೊಳಗೇ ಇದ್ದರೂ ಎಣ್ಣೆ ಪಕ್ಕದಿಂದ ಜಿನುಗುತ್ತದೆ. ಒತ್ತಡ ಇಳಿಯುತ್ತದೆ, ಕ್ಲಚ್ಚಿನ ಹಿಡಿತ ತಡವಾಗುತ್ತದೆ, ಕಾರು ಜರ್ಕ್ ಹೊಡೆಯುತ್ತದೆ. ಬೇರೆ ಬೇರೆ ಭಾಗಗಳ ಚಿಕ್ಕ ಚಿಕ್ಕ ವ್ಯತ್ಯಾಸಗಳು ಕೂಡಿಕೊಂಡಾಗ ಹೀಗಾಗುತ್ತದೆ. ಮಾಜ್ದಾದ ಕಾರ್ಖಾನೆಯಲ್ಲಿ ‘ಮಿತಿಯೊಳಗಿದೆ, ಕಳಿಸಿ’ ಎಂಬಲ್ಲಿಗೆ ಕೆಲಸ ಮುಗಿಯುತ್ತಿರಲಿಲ್ಲ. ಪ್ರತಿ ಭಾಗವೂ ಸರಿಯಾದ ಅಳತೆಗೆ ಆದಷ್ಟು ಹತ್ತಿರ ಬರಬೇಕಿತ್ತು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರುಗಳಿಗೂ ಕಂಪನಿ ಮುಖ್ಯಸ್ಥರಿಗೂ ಪಾಠ ಮಾಡಿದ್ದು ಇದನ್ನೇ. ಆತನ ತವರಿನ ಕಂಪನಿಗಳು ಅವನ ಮಾತಿಗೆ ಕಿವಿಗೊಡಲು ಇನ್ನೂ ಮೂರು ದಶಕ ಬೇಕಾಯಿತು.

ಇಷ್ಟು ಸೂಕ್ಷ್ಮದ ಶಿಸ್ತು ಯಾಕೆ ಬೇಕೆಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಕೆಟ್ಟರೆ ಕಾರು ನಿಲ್ಲುವಂಥ ಸಾವಿರ ಭಾಗಗಳಿವೆ ಎಂದುಕೊಳ್ಳೋಣ. ಪ್ರತಿ ಭಾಗವೂ ವರ್ಷಕ್ಕೆ ಹತ್ತು ಸಾವಿರದಲ್ಲಿ ಒಂದರಂತೆ ಮಾತ್ರ ಕೆಡುತ್ತದೆ. ಕೇಳಲು ಬಹಳ ಒಳ್ಳೆಯ ಅಂಕಿ. ಆದರೆ ಸಾವಿರ ಭಾಗವೂ ಸರಿಯಿರುವ ಸಾಧ್ಯತೆ 90 ಶೇಕಡಾ ಮಾತ್ರ. ಅಂದರೆ ನೂರು ಕಾರಿನಲ್ಲಿ ಹತ್ತರ ಹತ್ತಿರ ಒಂದಲ್ಲ ಒಂದು ಕಡೆ ಕೈಕೊಡುತ್ತವೆ. ಪ್ರತಿ ಭಾಗದ ದೋಷವನ್ನು ಅರ್ಧಕ್ಕೆ ಇಳಿಸಿದರೆ ನಿಲ್ಲುವ ಕಾರುಗಳು ಐದಕ್ಕೆ ಇಳಿಯುತ್ತವೆ. ಯಾವುದೋ ಒಂದು ಭಾಗವನ್ನು ಚಿನ್ನದಲ್ಲಿ ಮಾಡಿಸಿದರೂ ಈ ಲೆಕ್ಕ ಅಲ್ಲಾಡುವುದಿಲ್ಲ, ಸಾವಿರವನ್ನೂ ಸುಧಾರಿಸಬೇಕು. 1980ರ ದಶಕದಲ್ಲಿ ಜಪಾನಿನ ಕಂಪನಿಗಳ ಹೆಸರು ಅಮೆರಿಕದ ಬೀದಿಗಳಲ್ಲಿ ಬೆಳೆದದ್ದು ಈ ನಿಜವಾದ ಅಂತರದ ಮೇಲೆ.

ಆ ಅಂತರ ಇವತ್ತೂ ಅಷ್ಟೇ ಇದೆಯೇ? ಇದನ್ನು ಹೇಳಬೇಕಾದರೆ ಅಳೆಯಬೇಕು, ಮತ್ತು ಅಳೆಯುವುದು ಸುಲಭವಲ್ಲ. ಈ ಕಸುಬಿನಲ್ಲಿ ಹೆಸರಾದ ಅಮೆರಿಕದ ಜೆ.ಡಿ. ಪವರ್ ಸಂಸ್ಥೆ 1968ರಲ್ಲಿ ಗಂಡ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಉತ್ತರಪತ್ರ ಎಣಿಸುವುದರಿಂದ ಬೆಳೆದದ್ದು. ಮಾಜ್ದಾದ ರೋಟರಿ ಎಂಜಿನ್ ಕಾರುಗಳ ಮಾಲೀಕರು ತುಂಬಿ ಕಳಿಸಿದ ಪತ್ರಗಳನ್ನು ಎಣಿಸುತ್ತಿದ್ದ ಪತ್ನಿ ಜೂಲಿ ಪವರ್ ಅವರಿಗೆ ಒಂದೇ ದೂರು ಪದೇ ಪದೇ ಕಂಡಿತು. ಎಂಜಿನ್ನಿನೊಳಗಿನ ಒಂದು ರಬ್ಬರ್ ಉಂಗುರ ಸೋಲುತ್ತಿದೆ. 1973ರಲ್ಲಿ ಇದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಸುದ್ದಿಯಾಯಿತು. ಬಟೇವಿಯಾದ ಕಥೆಯಲ್ಲಿ ನಾಯಕನಾದ ಮಾಜ್ದಾ ಅದಕ್ಕೆ ಹತ್ತು ವರ್ಷ ಮುಂಚೆ ಇಲ್ಲಿ ಆರೋಪಿ ಎಂಬುದನ್ನು ಗಮನಿಸಬೇಕು. ಗೇರ್‌ಬಾಕ್ಸಿಗೆ ಸಂದ ಗೌರವವನ್ನು ಎಂಜಿನ್ನಿಗೆ ದಾಟಿಸುವಂತಿಲ್ಲ.

ಜೆ.ಡಿ. ಪವರ್ ಬಳಸುವ ಅಳತೆ ‘ನೂರು ಕಾರಿಗೆ ಎಷ್ಟು ತೊಂದರೆ’ ಎಂಬುದು. 2024ರ ವರದಿಯಲ್ಲಿ ಮೂರು ವರ್ಷ ಹಳೆಯ ಕಾರುಗಳ ಸರಾಸರಿ 190. ಮೊದಲ ಸ್ಥಾನದಲ್ಲಿದ್ದ, ಟೊಯೋಟಾದ್ದೇ ಆದ ಲೆಕ್ಸಸ್‌ಗೆ 135. ಹಾಗೆ ನೋಡಿದರೆ ಹೆಸರಿಗೂ ಅಂಕಿಗೂ ಹೊಂದಾಣಿಕೆ ಇದೆ. ಆದರೆ ಆ 190ರಲ್ಲಿ ಸುಮಾರು 49, ಅಂದರೆ ಕಾಲು ಭಾಗ, ಡ್ಯಾಶ್‌ಬೋರ್ಡಿನ ಪರದೆಗೆ ಸಂಬಂಧಿಸಿದ್ದು. ಫೋನು ಕನೆಕ್ಟ್ ಆಗುವುದಿಲ್ಲ, ಹೇಳಿದ ಮಾತು ಕಾರಿಗೆ ಅರ್ಥವಾಗುವುದಿಲ್ಲ, ಇಂಥವು. ಶಿರಾಡಿ ಘಾಟಿನಲ್ಲಿ ನಡುರಾತ್ರಿ ಗೇರ್‌ಬಾಕ್ಸ್ ಒಡೆದದ್ದೂ ಒಂದು ತೊಂದರೆ, ಬ್ಲೂಟೂತ್ ಸಿಗದದ್ದೂ ಒಂದು ತೊಂದರೆ, ಲೆಕ್ಕದಲ್ಲಿ ಎರಡೂ ಸಮಾನ. 2003ರಲ್ಲಿ ಹೊಸ ಕಾರುಗಳ ಸಮೀಕ್ಷೆಯಲ್ಲಿ ಹಮ್ಮರ್ ಕೊನೆಯ ಸ್ಥಾನಕ್ಕೆ ಬಿತ್ತು. ಮಾಲೀಕರ ದೊಡ್ಡ ದೂರು ಮೈಲೇಜ್ ಕೊಡುವುದಿಲ್ಲ ಎಂಬುದಾಗಿತ್ತು. ಮಿಲಿಟರಿ ಟ್ರಕ್ಕಿನ ವಂಶದ ಭಾರಿ ಗಾಡಿ ಪೆಟ್ರೋಲ್ ಕುಡಿದದ್ದೂ ಗುಣಮಟ್ಟದ ದೋಷವಾಗಿ ದಾಖಲಾಯಿತು.

ಸಮೀಕ್ಷೆಗಳಲ್ಲಿ ಇನ್ನೊಂದು ಗುಂಡಿ ಇದೆ, ಓದುಗರು ಬೀಳುವುದು ಹೆಚ್ಚಾಗಿ ಅದರಲ್ಲೇ. ಒಂದು ಮಾದರಿಯ ನೂರು ಮಾಲೀಕರನ್ನು ಮಾತ್ರ ಕೇಳಿದರು, ಆ ಮಾದರಿಯ ನಿಜವಾದ ಸರಾಸರಿ 190 ಎಂದುಕೊಳ್ಳೋಣ. ಕೆಡುವುದು ಆಕಸ್ಮಿಕವಾದ್ದರಿಂದ ಅದೇ ಸಮೀಕ್ಷೆಯನ್ನು ಬೇರೆ ನೂರು ಜನರಲ್ಲಿ ಮತ್ತೆ ಮಾಡಿದರೆ ಒಮ್ಮೆ 165 ಬರಬಹುದು, ಇನ್ನೊಮ್ಮೆ 215 ಬರಬಹುದು. ಕಾರು ಸ್ವಲ್ಪವೂ ಬದಲಾಗಿರುವುದಿಲ್ಲ. ಸಾವಿರಾರು ಜನರನ್ನು ಕೇಳಿದರೆ ಈ ತೂಗಾಟ ತಗ್ಗುತ್ತದೆ, ಕಡಿಮೆ ಮಾರಾಟವಾಗುವ ಮಾದರಿಗಳಿಗೆ ಅಷ್ಟು ಜನ ಸಿಗುವುದಿಲ್ಲ. ಆರನೇ ಸ್ಥಾನದಿಂದ ಹನ್ನೊಂದಕ್ಕೆ ಕುಸಿದ ಕಂಪನಿಯ ಬಗ್ಗೆ ತಲೆಬರಹ ಬರುತ್ತದೆ. ಆ ಐದು ಸ್ಥಾನಗಳ ನಡುವೆ ಇರುವ ಅಂತರ ಎಷ್ಟೋ ಸಲ ಬರೀ ಆಕಸ್ಮಿಕದ್ದು.

ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ಬೇರೆ ದಾರಿ ಹಿಡಿದಿದೆ. ರಸ್ತೆಯಲ್ಲಿ ನಿಂತ ಗಾಡಿಗಳ ನೆರವಿಗೆ ಹೋಗುವ ಅದರ ಹಳದಿ ವಾಹನಗಳು ಪ್ರತಿ ಕರೆಯ ಕಾರಣವನ್ನೂ ಬರೆದಿಡುತ್ತವೆ. ಮಾಲೀಕನ ಅಭಿಪ್ರಾಯಕ್ಕೆ ಇಲ್ಲಿ ಜಾಗವಿಲ್ಲ, ನಿಂತದ್ದು ನಿಂತದ್ದೇ. ಅಷ್ಟು ದೊಡ್ಡ ದಾಖಲೆಯಲ್ಲಿ ವರ್ಷದಿಂದ ವರ್ಷಕ್ಕೆ ಮೊದಲ ಸ್ಥಾನದಲ್ಲಿರುವ ಅಪರಾಧಿ 12 ವೋಲ್ಟಿನ ಸಾದಾ ಬ್ಯಾಟರಿ. ಐದು ಕರೆಗಳಲ್ಲಿ ಎರಡಕ್ಕಿಂತ ಹೆಚ್ಚು ಅದರವೇ, ಎಲೆಕ್ಟ್ರಿಕ್ ಕಾರುಗಳಲ್ಲೂ ಪರಿಸ್ಥಿತಿ ಹಾಗೇ ಇದೆ. ಬ್ಯಾಟರಿಯನ್ನು ಕಾರು ಕಂಪನಿ ತಯಾರಿಸುವುದಿಲ್ಲ, ಹೊರಗಿನಿಂದ ತರಿಸುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದ ಗಾಡಿಯ ಮಾಲೀಕ ಬೈಯುವುದು ಮಾತ್ರ ಬಾನೆಟ್ಟಿನ ಮೇಲಿನ ಹೆಸರನ್ನು.

ಕಾರೆಂಬುದು ಬೇರೆ ಬೇರೆ ತವರಿನ ಭಾಗಗಳ ಒಕ್ಕೂಟ ಎಂಬ ಸತ್ಯ ಭಾರತದಲ್ಲಿ ಅತ್ಯಂತ ಚೆನ್ನಾಗಿ ಕಂಡದ್ದು ಫಿಯಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನಿನಲ್ಲಿ. 1,248 ಸಿಸಿಯ ಈ ಎಂಜಿನ್ ಹುಟ್ಟಿದ್ದು ಇಟಲಿಯ ಕಂಪನಿಯ ನಕ್ಷೆಯಿಂದ. ಫಿಯಟ್ ಪುಂಟೋ, ಲೀನಿಯಾ ಕಾರುಗಳಲ್ಲಿ ಅದಿತ್ತು. ಟಾಟಾ ಇಂಡಿಕಾ ವಿಸ್ಟಾ, ಮಾಂಜಾಗಳಲ್ಲಿ ‘ಕ್ವಾಡ್ರಾಜೆಟ್’ ಎಂಬ ಹೆಸರಿನಲ್ಲಿತ್ತು. 2007ರಲ್ಲಿ ಮಾರುತಿ ಅದನ್ನು ಮಾನೇಸರದಲ್ಲಿ ತಯಾರಿಸಿ ಸ್ವಿಫ್ಟ್‌ಗೆ ಹಾಕಿ ‘ಡಿಡಿಐಎಸ್’ ಎಂದು ಕರೆಯಿತು. ಮುಂದೆ ಡಿಜೈರ್, ರಿಟ್ಜ್, ಎರ್ಟಿಗಾ, ಸಿಯಾಜ್‌ಗಳಿಗೂ ಅದೇ ಬಂತು. ವಾಹನ ಪತ್ರಿಕೆಗಳು ಅದಕ್ಕೆ ‘ರಾಷ್ಟ್ರೀಯ ಎಂಜಿನ್’ ಎಂದು ಅಡ್ಡಹೆಸರಿಟ್ಟವು. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬರುವವರೆಗೂ ಅದು ಓಡಿತು.

ಸ್ವಿಫ್ಟ್ ಡೀಸೆಲ್ ಎಂದರೆ ನಂಬಿಕೆ, ಫಿಯಟ್ ಎಂದರೆ ಅನುಮಾನ. ಎಂಜಿನ್ ಒಂದೇ, ಹೆಸರು ಎರಡು ದಿಕ್ಕಿಗೆ ಹೋಯಿತು. ಕಾರಣ ಹುಡುಕಬೇಕಾದದ್ದು ಸಿಲಿಂಡರಿನ ಹೊರಗೆ. ಮಾರುತಿಯ ಸರ್ವಿಸ್ ಸ್ಟೇಷನ್ ತಾಲ್ಲೂಕು ಕೇಂದ್ರಗಳಲ್ಲೂ ಇತ್ತು. ಫಿಯಟ್ ಮಾಲೀಕ 2012ರವರೆಗೆ ಟಾಟಾ ಜೊತೆ ಹಂಚಿಕೊಂಡ ಶೋರೂಮುಗಳನ್ನು ನೆಚ್ಚಿಕೊಂಡಿದ್ದ, ಆಮೇಲೆ ಇನ್ನೂ ಕಡಿಮೆ ಜಾಗಗಳನ್ನು. ಒಂದು ಸಣ್ಣ ಸೆನ್ಸರ್ ಕೆಟ್ಟರೆ ಸ್ವಿಫ್ಟ್ ಸಂಜೆಯೊಳಗೆ ಮನೆಗೆ ಬರುತ್ತದೆ, ಪುಂಟೋ ಬಿಡಿಭಾಗ ಬರುವವರೆಗೆ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತದೆ. ಕೆಟ್ಟದ್ದು ಎರಡೂ ಒಂದೊಂದೇ ಸಲ. ಮಾಲೀಕನ ನೆನಪಿನಲ್ಲಿ ಉಳಿಯುವುದು ಗಾಡಿಯಿಲ್ಲದೆ ಕಳೆದ ದಿನಗಳು. ಹೀಗಾಗಿ ಜನ ‘ಕೆಡುವುದಿಲ್ಲ’ ಎನ್ನುವ ಎಷ್ಟೋ ಗಾಡಿಗಳು ನಿಜಕ್ಕೂ ‘ಬೇಗ ರಿಪೇರಿಯಾಗುವ’ ಗಾಡಿಗಳು. ಅಂಬಾಸಡರ್ ಕಾರಿನ ಕೀರ್ತಿಯ ಬಹುಭಾಗ ಇದೇ. 1958ರಿಂದ 2014ರವರೆಗೆ ತಯಾರಾದ ಆ ಕಾರು ಯಾವ ಊರಿನ ಯಾವ ಮೆಕ್ಯಾನಿಕ್ಕಿಗೂ ಹೊಸದಾಗಿರಲಿಲ್ಲ.

ಇದರ ತಿರುವುಮುರುವು ಉದಾಹರಣೆ ಫೋಕ್ಸ್‌ವ್ಯಾಗನ್‌ನ ಏಳು ಗೇರಿನ ಡಿಎಸ್‌ಜಿ. ಡ್ರೈ ಕ್ಲಚ್ಚಿನ ಈ ಗೇರ್‌ಬಾಕ್ಸ್ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಎಲ್ಲದರಲ್ಲೂ ಇತ್ತು. 2013ರ ಮಾರ್ಚಿನಲ್ಲಿ ಚೀನಾದ ಸರ್ಕಾರಿ ಟೆಲಿವಿಷನ್ ಅದರ ದೋಷಗಳ ಬಗ್ಗೆ ವರದಿ ಮಾಡಿದ ಬೆನ್ನಲ್ಲೇ ಅಲ್ಲಿ 3,84,181 ಕಾರುಗಳನ್ನು ವಾಪಸು ಕರೆಯಲಾಯಿತು. ಅದೇ ವರ್ಷದ ಕೊನೆಗೆ ಜಗತ್ತಿನಾದ್ಯಂತ 16 ಲಕ್ಷ ಕಾರುಗಳ ಗೇರ್‌ಬಾಕ್ಸಿನಿಂದ ಸಿಂಥೆಟಿಕ್ ಎಣ್ಣೆ ತೆಗೆದು ಖನಿಜ ಎಣ್ಣೆ ತುಂಬಬೇಕಾಯಿತು. ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಹಳೆಯ ಎಣ್ಣೆಯಿಂದ ವಿದ್ಯುತ್ ದೋಷ ಬರುತ್ತಿತ್ತು. ಅದೇ ಕಂಪನಿಯ ಆರು ಗೇರಿನ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಇನ್ನೊಂದು ಡಿಎಸ್‌ಜಿ ಈ ಕಾಯಿಲೆಯಿಂದ ಹೊರಗಿತ್ತು. ಅದನ್ನು ಕೊಂಡವರು ಒಳ್ಳೆಯ ಮಾತಾಡಿದರು, ಇದನ್ನು ಕೊಂಡವರು ಶಪಿಸಿದರು, ಇಬ್ಬರೂ ನಿಜವನ್ನೇ ಹೇಳಿದರು. ಜರ್ಮನಿಯ ಹೆದ್ದಾರಿಯಲ್ಲಿ ಗಳಿಸಿದ ಪ್ರಮಾಣಪತ್ರ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಏಪ್ರಿಲ್ ಮಧ್ಯಾಹ್ನಕ್ಕೆ ಅನ್ವಯಿಸುತ್ತದೆಂಬ ಖಾತರಿಯೂ ಇಲ್ಲ.

ಹೆಸರಿನ ಇನ್ನೊಂದು ದೊಡ್ಡ ಕೊರತೆ ಅದು ತಡವಾಗಿ ಬರುತ್ತದೆ, ತಡವಾಗಿ ಹೋಗುತ್ತದೆ ಎಂಬುದು. ಹತ್ತು ವರ್ಷ ಬಾಳಿದ ಗಾಡಿಯ ಬಗ್ಗೆ ಜನ ಹೊಗಳುವ ಹೊತ್ತಿಗೆ ಕಂಪನಿ ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್, ಬೇರೆ ಬಿಡಿಭಾಗದವರನ್ನು ಹಿಡಿದಿರುತ್ತದೆ. ಹ್ಯುಂಡೈ 1986ರಲ್ಲಿ ಎಕ್ಸೆಲ್ ಎಂಬ ಅಗ್ಗದ ಕಾರಿನೊಂದಿಗೆ ಅಮೆರಿಕಕ್ಕೆ ಕಾಲಿಟ್ಟಿತು. ಕಾರು ಬಿಸಿದೋಸೆಯಂತೆ ಖರ್ಚಾಯಿತು, ಬೇಗ ತುಕ್ಕು ಹಿಡಿಯಿತು, ಕಂಪನಿಯ ಹೆಸರು ನಗೆಪಾಟಲಾಯಿತು. ಆ ಅಪಖ್ಯಾತಿ ತೊಡೆಯಲು 1998ರಲ್ಲಿ ಹ್ಯುಂಡೈ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1 ಲಕ್ಷ ಮೈಲಿಯ ವಾರಂಟಿ ಘೋಷಿಸಿತು. 2004ರ ಹೊತ್ತಿಗೆ ಹೊಸ ಕಾರುಗಳ ಜೆ.ಡಿ. ಪವರ್ ಸಮೀಕ್ಷೆಯಲ್ಲಿ ಹೋಂಡಾಕ್ಕೆ ಸರಿಸಮನಾಗಿ ಎರಡನೇ ಸ್ಥಾನಕ್ಕೆ ಬಂದಿತ್ತು. ಜನರ ಬಾಯಲ್ಲಿ ಮಾತ್ರ ಹಳೆಯ ಎಕ್ಸೆಲ್ ಇನ್ನೂ ಓಡುತ್ತಲೇ ಇತ್ತು.

ಕೊನೆಗೆ ಜನ ನಂಬಿದರು. ಅಷ್ಟರಲ್ಲಿ ಥೀಟಾ-2 ಎಂಜಿನ್ ಬಂತು. 2015ರಲ್ಲಿ ಅಮೆರಿಕದಲ್ಲಿ 4.7 ಲಕ್ಷದಷ್ಟು ಸೊನಾಟಾ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉದುರಿದ ಲೋಹದ ಚೂರು ಪೂರ್ತಿ ಸ್ವಚ್ಛವಾಗದೆ ಎಂಜಿನ್ನಿನೊಳಗೆ ಉಳಿದಿತ್ತು.

ಆ ಚೂರು ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಅದು ಬೇರಿಂಗನ್ನು ಮುಟ್ಟುವುದೇ ಇಲ್ಲ. ನಡುವೆ ಎಣ್ಣೆಯ ಪೊರೆಯೊಂದಿರುತ್ತದೆ, ಭಾರ ಹೆಚ್ಚಾದ ಕಡೆ ಅದರ ದಪ್ಪ ಕೆಲವೇ ಮೈಕ್ರಾನ್. ತಲೆಕೂದಲಿನ ದಪ್ಪದ ಹತ್ತಾರು ಪಾಲಿನಲ್ಲಿ ಒಂದು. ಎಂಜಿನ್ನಿನ ಅಷ್ಟೂ ಶಕ್ತಿ ಆ ಪೊರೆಯ ಮೇಲೆ ತೇಲುತ್ತದೆ. ಅಲ್ಲಿಗೆ ಪೊರೆಗಿಂತ ದಪ್ಪನೆಯ ಲೋಹದ ಕಣವೊಂದು ಬಂದರೆ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ. ಬೇರಿಂಗಿನ ಮೆತ್ತನೆಯ ಮೈ ಗೀರುತ್ತದೆ, ಗೀರಿನಿಂದ ಎಣ್ಣೆ ಸೋರುತ್ತದೆ, ಪೊರೆ ಹರಿಯುತ್ತದೆ, ಲೋಹಕ್ಕೆ ಲೋಹ ತಾಗಿ ಕಾಯುತ್ತದೆ. ಮೊದಲು ಟಕ್ ಟಕ್ ಸದ್ದು. ಆಮೇಲೆ ಎಂಜಿನ್ ಜಾಮ್.

ಇದನ್ನು ‘ಕೊರಿಯಾದವರ ಬೇಜವಾಬ್ದಾರಿ’ ಎಂದು ತಳ್ಳಿಹಾಕಿದವರಿಗೆ 2024ರ ಮೇ ತಿಂಗಳು ಉತ್ತರ ಕೊಟ್ಟಿತು. ಟೊಯೋಟಾ ಅಮೆರಿಕದಲ್ಲಿ ಸುಮಾರು 1.02 ಲಕ್ಷ ಟುಂಡ್ರಾ ಪಿಕಪ್ ಮತ್ತು ಲೆಕ್ಸಸ್ ಎಲ್‌ಎಕ್ಸ್ ಗಾಡಿಗಳನ್ನು ವಾಪಸು ಕರೆಯಿತು. ಎರಡು ಟರ್ಬೋ ಇರುವ 3.4 ಲೀಟರಿನ ಹೊಸ ವಿ-6 ಎಂಜಿನ್ನುಗಳಲ್ಲಿ ಕೊರೆತದ ಲೋಹದ ಚೂರು ಉಳಿದು ಬೇರಿಂಗ್ ಹಾಳಾಗುತ್ತಿತ್ತು. ಹ್ಯುಂಡೈಗೆ ಬಂದದ್ದೇ ಕಾಯಿಲೆ. ಟೊಯೋಟಾ ಇಡೀ ಎಂಜಿನ್ನನ್ನೇ ಬದಲಿಸಿಕೊಡಲು ಮುಂದಾಯಿತು, 2025ರಲ್ಲಿ ಇನ್ನೂ ಲಕ್ಷಕ್ಕೂ ಹೆಚ್ಚು ಗಾಡಿಗಳು ಪಟ್ಟಿಗೆ ಸೇರಿದವು. ಅದರ ಹಿಂದಿನ ಟುಂಡ್ರಾದ ವಿ-8 ಎಂಜಿನ್ ಗಟ್ಟಿತನಕ್ಕೆ ಹೆಸರಾಗಿತ್ತು. ಹೊಸ ಗಾಡಿ ಕೊಂಡವರು ಹಣ ಕೊಟ್ಟದ್ದು ಆ ಹಳೆಯ ಎಂಜಿನ್ನಿನ ಕೀರ್ತಿಗೆ, ಸಿಕ್ಕಿದ್ದು ಹೊಸ ಎಂಜಿನ್.

ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಈ ಪಾಠವನ್ನು 2007ರಲ್ಲೇ ಕಲಿತಿತ್ತು. ಅಲ್ಲಿಯವರೆಗೆ ಹೊಸ ಟೊಯೋಟಾ ಮಾದರಿ ಬಂದರೆ, ಮಾಲೀಕರ ಅಂಕಿಅಂಶ ಬರುವ ಮುಂಚೆಯೇ, ಹೆಸರಿನ ಬಲದ ಮೇಲೆ ಅದನ್ನು ಶಿಫಾರಸು ಮಾಡುತ್ತಿತ್ತು. ಆ ವರ್ಷ ಕ್ಯಾಮ್ರಿ ವಿ-6, ಟುಂಡ್ರಾ ವಿ-8 ಫೋರ್ ವೀಲ್ ಡ್ರೈವ್ ಮತ್ತು ಆಲ್ ವೀಲ್ ಡ್ರೈವ್ ಲೆಕ್ಸಸ್ ಜಿಎಸ್ ಮೂರೂ ಸರಾಸರಿಗಿಂತ ಕೆಳಗೆ ಬಿದ್ದವು. ಇನ್ನು ಮುಂದೆ ಅಂಕಿಅಂಶವಿಲ್ಲದೆ ಶಿಫಾರಸಿಲ್ಲ ಎಂದು ಪತ್ರಿಕೆ ಪ್ರಕಟಿಸಿತು. ಟೊಯೋಟಾ ಸರಾಸರಿಯಲ್ಲಿ ಆಗಲೂ ಮುಂದಿತ್ತು, ಈಗಲೂ ಮುಂಚೂಣಿಯಲ್ಲಿದೆ. ಆದರೆ ಯಾರೂ ಸರಾಸರಿಯನ್ನು ಕೊಳ್ಳುವುದಿಲ್ಲ. ಒಂದು ನಿರ್ದಿಷ್ಟ ವರ್ಷದ, ನಿರ್ದಿಷ್ಟ ಎಂಜಿನ್ನಿನ ಒಂದು ಗಾಡಿಯನ್ನು ಕೊಳ್ಳುತ್ತಾರೆ.

ಮಾಲೀಕರ ಪಾತ್ರವೂ ಸಣ್ಣದಲ್ಲ. ಸೆಕೆಂಡ್ ಹ್ಯಾಂಡ್ ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂಬ ಸರಳ ಸಂಗತಿಯ ಮೇಲೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ತಂದುಕೊಟ್ಟಿತು. ಒಳಗು ಕಾಣದಾಗ ಕೊಳ್ಳುವವನು ಹೆಸರನ್ನು ಹಿಡಿಯುತ್ತಾನೆ. ಹೆಸರಿನ ಗಾಡಿಗೆ ರೀಸೇಲ್ ಚೆನ್ನಾಗಿರುತ್ತದೆ. ರೀಸೇಲ್ ಚೆನ್ನಾಗಿರುವ ಗಾಡಿಗೆ ಮಾಲೀಕ ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸುತ್ತಾನೆ, ಹತ್ತನೇ ವರ್ಷದಲ್ಲೂ ಸಸ್ಪೆನ್ಷನ್ನಿಗೆ ಹಣ ಹಾಕುತ್ತಾನೆ. ಹೆಸರಿಲ್ಲದ ಗಾಡಿಯ ಮಾಲೀಕ ಅದೇ ರಿಪೇರಿಯ ಬಿಲ್ಲು ನೋಡಿ ‘ಗಾಡಿಗೆ ಅಷ್ಟು ಬೆಲೆಯೇ ಇಲ್ಲ’ ಎಂದು ಕೈಬಿಡುತ್ತಾನೆ. ಇಬ್ಬರ ನಡವಳಿಕೆಯೂ ಹೆಸರನ್ನು ಇನ್ನಷ್ಟು ನಿಜಮಾಡುತ್ತಾ ಹೋಗುತ್ತದೆ.

ಟೊಯೋಟಾ ಇನೋವಾದ ಕೀರ್ತಿಯಲ್ಲಿ ಯಂತ್ರ, ಮಾಲೀಕ ಎಂಬ ಎರಡೂ ಎಳೆಗಳು ಹೆಣೆದುಕೊಂಡಿವೆ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನೋವಾ. ಎರಡೂ ಬಿಡದಿಯ ಕೂಸುಗಳು. ಬೆಂಗಳೂರಿನ ಕಾಲ್‌ಸೆಂಟರುಗಳ ಇಡೀ ರಾತ್ರಿಪಾಳಿಯನ್ನು ಹೊತ್ತು ತಿರುಗಿದ್ದು ಕ್ವಾಲಿಸ್. ಮೊದಲ ಇನೋವಾದ ಡೀಸೆಲ್ ಎಂಜಿನ್ ಎರಡೂವರೆ ಲೀಟರಿನದು, ಶಕ್ತಿ 102 ಪಿಎಸ್ ಮಾತ್ರ. ಲೀಟರಿಗೆ ಸುಮಾರು 41. ಮಲ್ಟಿಜೆಟ್ಟಿನ ಸಾದಾ ಆವೃತ್ತಿ ಲೀಟರಿಗೆ 60, ಹೆಚ್ಚು ಶಕ್ತಿಯ ಆವೃತ್ತಿ 72 ತೆಗೆಯುತ್ತಿತ್ತು. ದೊಡ್ಡ ಎಂಜಿನ್ನಿನಿಂದ ಕಡಿಮೆ ಕೆಲಸ ಕೇಳಿದರೆ ಒಳಗಿನ ಒತ್ತಡ, ಶಾಖ, ಸವೆತ ಎಲ್ಲವೂ ಕಡಿಮೆ. ಅದರ ಕೆಳಗೆ ಲಾರಿಯಂಥ ಗಟ್ಟಿ ಚಾಸಿ. ಹಾಗಾಗಿ ಇನೋವಾದ ಬಾಳಿಕೆ ಭ್ರಮೆಯಲ್ಲ, ಅದು ಎಂಜಿನಿಯರಿಂಗ್ ಆಯ್ಕೆ, ಮೈಲೇಜಿನಲ್ಲೂ ವೇಗದಲ್ಲೂ ಅದಕ್ಕೆ ಬೆಲೆ ಕೊಡಲಾಗಿದೆ. ಅದರ ಮೇಲೆ ಟ್ಯಾಕ್ಸಿ ಚಾಲಕನ ಪಾಲಿದೆ. ದಿನವಿಡೀ ಓಡುವ ಗಾಡಿಯ ಎಂಜಿನ್ ಬಿಸಿಯಾಗಿಯೇ ಇರುತ್ತದೆ, ಎಂಜಿನ್ನಿನ ಹೆಚ್ಚು ಸವೆತ ತಣ್ಣಗಿನ ಸ್ಟಾರ್ಟಿನಲ್ಲಿ ಆಗುವಂಥದ್ದು. ಗಾಡಿಯೇ ಅನ್ನವಾದ ಚಾಲಕನ ಕಿವಿಗೆ ಹೊಸ ಸದ್ದು ಮೊದಲ ದಿನವೇ ಕೇಳುತ್ತದೆ. ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಟ್ಯಾಕ್ಸಿಯನ್ನು ಕಂಡು ವಾರಕ್ಕೊಮ್ಮೆ ಗಾಡಿ ತೆಗೆಯುವವರು ತಮ್ಮದೂ ಅಷ್ಟೇ ಓಡುತ್ತದೆ ಎಂದುಕೊಳ್ಳುವುದು ಪೂರ್ತಿ ಸರಿಯಾದ ಲೆಕ್ಕವಲ್ಲ.

ಹಳೆಯ ಗಾಡಿಗಳ ಬಗೆಗಿನ ಅಭಿಮಾನಕ್ಕೂ ಇಂಥದೇ ಒಂದು ತೆರೆ ಅಡ್ಡ ಬರುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ದಿ ಬೈಕುಗಳನ್ನು ತಯಾರಿಸಿತು. ಇವತ್ತು ಜಾವಾ ದಿನದ ರ‍್ಯಾಲಿಗಳಲ್ಲಿ ಥಳಥಳಿಸುತ್ತಾ ಸಾಲುಗಟ್ಟುವ ಯೆಜ್ದಿಗಳನ್ನು ಕಂಡವರು ‘ಆಗಿನ ಲೋಹವೇ ಬೇರೆ’ ಎನ್ನುತ್ತಾರೆ. ಗುಜರಿಗೆ ಹೋದ ಯೆಜ್ದಿಗಳು ಆ ಸಾಲಿನಲ್ಲಿ ನಿಲ್ಲಲು ಬರುವುದಿಲ್ಲ. ಆಗಿನ ಲೋಹದ ಬಗ್ಗೆ ಇನ್ನೊಂದು ಸಾಕ್ಷಿಯೂ ಇದೆ. 1970ರ ದಶಕದ ಹೆಚ್ಚಿನ ಅಮೆರಿಕನ್ ಕಾರುಗಳ ಮೈಲಿ ಮೀಟರಿನಲ್ಲಿ ಐದೇ ಅಂಕೆ, 99,999 ಆದಮೇಲೆ ಮತ್ತೆ ಸೊನ್ನೆ. ಲಕ್ಷ ಮೈಲಿ ದಾಟುವುದು ಅಪರೂಪವಾಗಿದ್ದ ಕಾಲ ಅದು. 2024ರಲ್ಲಿ ಅಮೆರಿಕದ ರಸ್ತೆಗಳ ಮೇಲಿನ ವಾಹನಗಳ ಸರಾಸರಿ ವಯಸ್ಸೇ 12.6 ವರ್ಷ. ಒಳ್ಳೆಯ ಕಂಪನಿಗೂ ಕೆಟ್ಟ ಕಂಪನಿಗೂ ಇದ್ದ ಕಂದಕ ಕಿರಿದಾಗಿದೆ, ಮುಖ್ಯವಾಗಿ ಕೆಟ್ಟವರು ಕಲಿತದ್ದರಿಂದ.

ಎಲೆಕ್ಟ್ರಿಕ್ ಕಾರುಗಳು ಬಂದು ಹಳೆಯ ಹೆಸರುಗಳ ಆಧಾರವನ್ನೇ ಅಲುಗಿಸುತ್ತಿವೆ. ಎಂಜಿನ್ನಿಲ್ಲ, ಹತ್ತಾರು ಗೇರಿಲ್ಲ, ಆದ್ದರಿಂದ ಕೆಡುವುದಕ್ಕೆ ಏನೂ ಇಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ಜರ್ಮನಿಯ ಟ್ಯೂಫ್ ತಪಾಸಣಾ ಸಂಸ್ಥೆಗಳ 2024ರ ವರದಿಯಲ್ಲಿ ಎರಡು ಮೂರು ವರ್ಷದ ಕಾರುಗಳ ಪಟ್ಟಿಯ ಕಟ್ಟಕಡೆಗೆ ಇದ್ದದ್ದು ಟೆಸ್ಲಾ ಮಾಡೆಲ್-3. 14.7 ಶೇಕಡಾ ಕಾರುಗಳಲ್ಲಿ ಗಂಭೀರ ದೋಷ. ಮೋಟರು ಬ್ಯಾಟರಿಗಳಲ್ಲಿ ಅಲ್ಲ, ದೀಪದಲ್ಲಿ, ಸಸ್ಪೆನ್ಷನ್ನಿನಲ್ಲಿ, ಬ್ರೇಕ್ ಡಿಸ್ಕಿನಲ್ಲಿ. ಮೋಟರೇ ವೇಗ ತಗ್ಗಿಸುವುದರಿಂದ ಬ್ರೇಕಿನ ಬಳಕೆ ಕಡಿಮೆ, ಬಳಸದ ಡಿಸ್ಕಿಗೆ ತುಕ್ಕು. ವರ್ಷಕ್ಕೊಮ್ಮೆ ಕಡ್ಡಾಯ ಸರ್ವಿಸ್ ಇಲ್ಲದ್ದರಿಂದ ಸಣ್ಣ ದೋಷಗಳು ಯಾರ ಕಣ್ಣಿಗೂ ಬೀಳದೆ ನೇರವಾಗಿ ತಪಾಸಣೆಗೆ ಬರುತ್ತವೆ. ಇದು ತಿಳಿದದ್ದು ಟ್ಯೂಫ್ ಮಾದರಿವಾರು ಫಲಿತಾಂಶ ಪ್ರಕಟಿಸುವುದರಿಂದ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಪ್ರತಿ ಕಾರೂ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆಗೆ ಹೋಗುತ್ತದೆ. ಅಲ್ಲಿನ ಸರ್ಕಾರ ಮಾಲೀಕರ ಗುರುತು ತೆಗೆದು, ಯಾವ ಮಾದರಿ, ಎಷ್ಟು ಮೈಲಿ, ಯಾವ ಕಾರಣಕ್ಕೆ ಫೇಲ್ ಎಂಬ ಇಡೀ ದಾಖಲೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿಟ್ಟಿದೆ.

ಭಾರತದ ಗ್ರಾಹಕನಿಗೆ ಅಂಥದ್ದೊಂದು ಬೇಕೇ ಬೇಕು. ಜೀವಮಾನದ ಉಳಿತಾಯ ಹಾಕಿ ಗಾಡಿ ಕೊಳ್ಳುವ ಕುಟುಂಬ ಪಕ್ಕದ ಮನೆಯವರ ಮಾತನ್ನೇ ನೆಚ್ಚಬೇಕಾಗಿರುವುದು ಅನ್ಯಾಯ. 2021ರಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ವಾಹನ ಪರೀಕ್ಷಾ ಕೇಂದ್ರಗಳಿಗೆ ನಿಯಮ ಮಾಡಿತು. ವಾಣಿಜ್ಯ ವಾಹನಗಳ ಬ್ರೇಕು, ಸಸ್ಪೆನ್ಷನ್, ದೀಪ, ಹೊಗೆ ಎಲ್ಲವನ್ನೂ ಅಲ್ಲಿ ಯಂತ್ರಗಳೇ ಅಳೆದು ಕಂಪ್ಯೂಟರಿಗೆ ಬರೆಯುತ್ತವೆ. ಅಲ್ಲಿಗೆ ಬರುವ ಟ್ಯಾಕ್ಸಿಗಳೇ ದೇಶದಲ್ಲಿ ಅತಿ ಹೆಚ್ಚು ಓಡುವ ಕಾರುಗಳು: ಇನೋವಾ, ಡಿಜೈರ್, ಎರ್ಟಿಗಾ, ಇಟಿಯೋಸ್. ಅವುಗಳ ಫಲಿತಾಂಶವನ್ನು ನಂಬರ್ ಪ್ಲೇಟ್ ತೆಗೆದು, ಮಾದರಿ ಮತ್ತು ತಯಾರಾದ ವರ್ಷದ ಪ್ರಕಾರ ಪ್ರಕಟಿಸಲು ಹೊಸ ಯಂತ್ರ ತರಬೇಕಿಲ್ಲ, ಇರುವ ದಾಖಲೆಯನ್ನು ತೆರೆದರೆ ಸಾಕು.